ಪ್ರಾಕ್ಟೀಸಿನಲ್ಲಿ ಹುಲಿ, ಫೈನಲ್‌ನಲ್ಲಿ ಇಲಿ

ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯಿಂದ ತಂದೆಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು. ಪಿಯುಸಿ ಓದುವ ಹುಡುಗ. ಹೊಟ್ಟೆನೋವೆಂದು ದೂರು. ವಿಚಿತ್ರವೆಂದರೆ ಈ ನೋವು ಬರುತ್ತಿದ್ದುದು ಕಬಡ್ಡಿ ಪಂದ್ಯದ ದಿನ ಮಾತ್ರ. ಹಿಂದಿನ ರಾತ್ರಿ ನಿದ್ದೆ ಬಾರದು, ಬೆಳಿಗ್ಗೆ ಗಂಟಲಲ್ಲಿ ಮುದ್ದೆ ಇಳಿಯದು, ಹೊರಡುವ ಹೊತ್ತಿಗೆ ಮೂರು ಸಲ ಭೇದಿ. ಸ್ಕ್ಯಾನು, ರಕ್ತ ಪರೀಕ್ಷೆ, ಮಲ ಪರೀಕ್ಷೆ ಎಲ್ಲ ಆಗಿತ್ತು. ಎಲ್ಲವೂ ಸರಿಯಾಗಿತ್ತು.

“ದಿನಾ ಸಂಜೆ ಸ್ಕೂಲ್ ಮೈದಾನದಲ್ಲಿ ಇವನನ್ನ ಹಿಡಿಯೋರೇ ಇಲ್ಲ ಸಾರ್. ಲೈಟ್ ಹಾಕಿ ನಾಲ್ಕು ಜನ ಸೇರಿದ್ರೆ ಮುಗೀತು, ಕಾಲೇ ಏಳಲ್ಲ. ಮೊನ್ನೆ ಫೈನಲ್‌ನಲ್ಲಿ ಕೊನೇ ರೈಡಿಗೆ ಹೋಗಿ ಯಾರನ್ನೂ ಮುಟ್ಟದೆ ವಾಪಸ್ ಬಂದ. ಊರೋರ ಮುಂದೆ ತಲೆ ಎತ್ತೋಹಂಗಿಲ್ಲ. ಗುಂಡಿಗೆ ಗಟ್ಟಿಯಾಗೋಕೆ ಏನಾದ್ರೂ ಟಾನಿಕ್ ಬರ್ಕೊಡಿ” ಎಂದರು ತಂದೆ. ಹುಡುಗ ನೆಲ ನೋಡುತ್ತಾ ಕುಳಿತಿದ್ದ.

ಗುಂಡಿಗೆಗೆ ಟಾನಿಕ್ ಇಲ್ಲ. ಆದರೆ ಆ ತಂದೆ ಕೇಳಿದ ಪ್ರಶ್ನೆ ಸಣ್ಣದಲ್ಲ. ಲಕ್ಷಾಂತರ ರೂಪಾಯಿ ಪಡೆಯುವ ವೃತ್ತಿಪರ ಆಟಗಾರರನ್ನೂ, ಅವರ ತರಬೇತುದಾರರನ್ನೂ ಕಾಡುವ ಪ್ರಶ್ನೆ ಅದು. ಲೀಗ್ ಪಂದ್ಯದಲ್ಲಿ ಸೋತರೆ ನಾಳೆ ಇನ್ನೊಂದು ಪಂದ್ಯವಿದೆ. ಪ್ಲೇಆಫ್ ಹಂತ ತಲುಪಿದ ಮೇಲೆ ನಾಳೆ ಎಂಬುದಿಲ್ಲ. ಸೋತವರು ಗಂಟುಮೂಟೆ ಕಟ್ಟಬೇಕು. ಅದೇ ಆಟಗಾರರು, ಅದೇ ಅಂಕಣ, ಅದೇ ನಿಯಮ. ಆದರೂ ಕೆಲವರು ಅಲ್ಲಿ ಅರಳುತ್ತಾರೆ, ಕೆಲವರು ಕುಸಿಯುತ್ತಾರೆ. ಏಕೆ?

ಹೊಟ್ಟೆಯಿಂದಲೇ ಆರಂಭಿಸೋಣ

ನಮ್ಮ ಮೆದುಳಿನೊಳಗೆ ಅಮಿಗ್ಡಲ ಎಂಬ, ಬಾದಾಮಿ ಬೀಜದಂಥ ಪುಟ್ಟ ಭಾಗವಿದೆ. ಅಪಾಯದ ವಾಸನೆ ಬಂದೊಡನೆ ಗಂಟೆ ಬಾರಿಸುವುದು ಅದರ ಕೆಲಸ. ಎದುರಿಗಿರುವುದು ಚಿರತೆಯೋ, ಮೈದಾನದ ಸುತ್ತ ಕುಳಿತ ಎರಡು ಸಾವಿರ ಜನರೋ ಎಂಬ ಭೇದವನ್ನು ಅದು ಹೆಚ್ಚಾಗಿ ಎಣಿಸುವುದಿಲ್ಲ. ಗಂಟೆ ಬಾರಿಸಿತೆಂದರೆ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯ ದಬದಬ ಬಡಿಯುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ. ರಕ್ತವೆಲ್ಲ ಕೈಕಾಲಿನ ಸ್ನಾಯುಗಳತ್ತ ಹರಿಯುವುದರಿಂದ ಜಠರದ ಕೆಲಸ ನಿಧಾನವಾಗುತ್ತದೆ. ಮುದ್ದೆ ಇಳಿಯದಿರುವುದು ಇದರಿಂದ. ಅದೇ ವೇಳೆಗೆ ದೊಡ್ಡಕರುಳು ಚುರುಕಾಗುತ್ತದೆ. ಮೂರು ಸಲ ಹೊರಗೆ ಓಡುವುದು ಅದರಿಂದ. ಹುಡುಗ ನಾಟಕವಾಡುತ್ತಿರಲಿಲ್ಲ ಎಂದು ತಂದೆಗೆ ಮೊದಲು ತಿಳಿಸಬೇಕಾಯಿತು.

ಒಂದು ಮಾತು ನೆನಪಿಡಿ. ಈ ಗಂಟೆ ಗೆಲ್ಲುವವರಲ್ಲೂ ಬಾರಿಸುತ್ತದೆ. ಗಟ್ಟಿ ಮನಸ್ಸಿನವರಿಗೆ ಭಯವೇ ಆಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಇದನ್ನು ಅಡುಗೆಮನೆಯಲ್ಲಿ ನೋಡಿ. ವರ್ಷಕ್ಕೆ ಹತ್ತು ಸಲ ಒಬ್ಬಟ್ಟು ತಟ್ಟುವ ಕೈ ಅದು. ಮಾತಾಡುತ್ತಾ, ಮಗುವನ್ನು ಗದರುತ್ತಾ ತಟ್ಟಿದರೂ ಚಂದ್ರನಂತೆ ದುಂಡಗೆ ಬರುತ್ತದೆ. ಬೀಗರು ಬಂದು ಎದುರಿಗೆ ಕುಳಿತ ದಿನವೇ ಅದು ಹರಿಯುತ್ತದೆ! ಅಂದು ನೀವು ಕೈಯನ್ನು ಅದರ ಪಾಡಿಗೆ ಬಿಡುವುದಿಲ್ಲ. ಬೆರಳು ಹೇಗೆ ಹೋಗುತ್ತಿದೆ, ಎಷ್ಟು ಒತ್ತುತ್ತಿದೆ ಎಂದು ಕಾವಲು ಕಾಯುತ್ತೀರಿ. ನೂರು ಸಲ ಮಾಡಿ ಕರಗತವಾದ ಕೆಲಸವನ್ನು ಕೈ ತಾನೇ ಬಲ್ಲದು. ನಡುವೆ ತಲೆ ಬಂದು ಲೆಕ್ಕ ಕೇಳಲು ಶುರುಮಾಡಿದರೆ ಕೈ ತಡವರಿಸುತ್ತದೆ. ಒತ್ತಡದಲ್ಲಿ ಎಡವುವವರಲ್ಲಿ ಎಷ್ಟೋ ಮಂದಿಗೆ ಆಗುವುದು ಇಷ್ಟೇ.

ಇದರ ಅತ್ಯಂತ ಪ್ರಸಿದ್ಧ, ಅಷ್ಟೇ ದುಃಖದ ನಿದರ್ಶನ ಬ್ಯಾಸ್ಕೆಟ್‌ಬಾಲ್‌ನಲ್ಲಿದೆ. ಆ ಆಟದಲ್ಲಿ ಫ್ರೀ ಥ್ರೋ ಎಂದರೆ 15 ಅಡಿ ದೂರದಿಂದ, ಯಾರ ಅಡ್ಡಿಯೂ ಇಲ್ಲದೆ, ನಿಂತಲ್ಲೇ ಚೆಂಡನ್ನು ಬುಟ್ಟಿಗೆ ಎಸೆಯುವುದು. 1995ರ ಜೂನ್‌ನಲ್ಲಿ ಅಮೆರಿಕದ ಎನ್‌ಬಿಎ ಫೈನಲ್ಸ್ ಸರಣಿಯ ಮೊದಲ ಪಂದ್ಯ. ಕೆಲವೇ ಸೆಕೆಂಡುಗಳು ಉಳಿದಿದ್ದವು. ಒರ್ಲ್ಯಾಂಡೊ ತಂಡ ಮೂರು ಅಂಕ ಮುಂದಿತ್ತು. ಆ ತಂಡದ ನಿಕ್ ಆ್ಯಂಡರ್ಸನ್‌ಗೆ ನಾಲ್ಕು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದಿದ್ದರೂ ಪಂದ್ಯ ಬಹುತೇಕ ಕೈಸೇರುತ್ತಿತ್ತು. ನಾಲ್ಕೂ ತಪ್ಪಿದವು. ಹ್ಯೂಸ್ಟನ್ ಸಮ ಮಾಡಿಕೊಂಡಿತು, ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು, ಸರಣಿಯನ್ನೂ 4–0ಯಿಂದ ಬಾಚಿಕೊಂಡಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ವರ್ಷದ ಲೀಗ್ ಪಂದ್ಯಗಳಲ್ಲಿ ನೂರಕ್ಕೆ 70ರಷ್ಟು ಫ್ರೀ ಥ್ರೋ ಹಾಕಿದ್ದ ಆ್ಯಂಡರ್ಸನ್, 1996–97ರ ಹೊತ್ತಿಗೆ ನೂರಕ್ಕೆ 40ಕ್ಕೆ ಇಳಿದಿದ್ದರು. ತೋಳಿನ ಶಕ್ತಿ ಎರಡೇ ವರ್ಷದಲ್ಲಿ ಎಲ್ಲಿ ಹೋದೀತು? ನಾಲ್ಕು ಎಸೆತಗಳ ನೆನಪು ಮುಂದಿನ ನೂರಾರು ಎಸೆತಗಳ ಮೇಲೆ ಕುಳಿತಿತ್ತು.

ಐದು ನಿಮಿಷದ ವಿರಾಮ

ಇನ್ನು ನಮ್ಮದೇ ಊರಿನ ಹೆಸರಿನ ತಂಡಕ್ಕೆ ಬರೋಣ. ಪ್ರೊ ಕಬಡ್ಡಿ ಲೀಗ್‌ನಲ್ಲಿ ಬೆಂಗಳೂರು ಬುಲ್ಸ್ 2015ರಲ್ಲಿ ಫೈನಲ್ ತಲುಪಿ ಯು ಮುಂಬಾ ಎದುರು 30–36ರಿಂದ ಸೋತಿತ್ತು. ಮತ್ತೆ ಫೈನಲ್ ಸಿಕ್ಕಿದ್ದು ಆರನೆಯ ಆವೃತ್ತಿಯಲ್ಲಿ. 2019ರ ಜನವರಿ 5, ಮುಂಬೈ. ಎದುರಾಳಿ ಗುಜರಾತ್. ವಿರಾಮದ ವೇಳೆಗೆ ಗುಜರಾತ್ 16, ಬೆಂಗಳೂರು 9. ಟಿ.ವಿ. ಮುಂದೆ ಕುಳಿತಿದ್ದ ಎಷ್ಟೋ ಮಂದಿ ಅಷ್ಟಕ್ಕೇ ಎದ್ದು ಊಟಕ್ಕೆ ಹೋಗಿರಬೇಕು. ಕಬಡ್ಡಿಯಲ್ಲಿ ವಿರಾಮ ಐದೇ ನಿಮಿಷ. ಐದು ನಿಮಿಷದಲ್ಲಿ ಯಾರಿಗೂ ಹೊಸ ಪಟ್ಟು ಕಲಿಸಲಾಗದು, ಕಾಲಿಗೆ ಹೊಸ ಬಲ ತುಂಬಲಾಗದು. ಪಂದ್ಯ ಮುಗಿದಾಗ ಬೆಂಗಳೂರು 38, ಗುಜರಾತ್ 33. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಅದರ ಹಿಂದಿನ ಆವೃತ್ತಿಯಲ್ಲಿ, 2017ರಲ್ಲಿ, ಇದೇ ಪವನ್ ಗುಜರಾತ್ ತಂಡದಲ್ಲಿದ್ದರು. ಆ ತಂಡ ಫೈನಲ್‌ನಲ್ಲಿ ಪಟ್ನಾ ಎದುರು ಸೋತಿತ್ತು.

ಅಂದು ಅವರ ಮನಸ್ಸಿನಲ್ಲಿ ಏನಿತ್ತೋ ಅವರೇ ಬಲ್ಲರು. ಆದರೆ ಕಬಡ್ಡಿಯ ರಚನೆಯೇ ಒಂದು ಪಾಠ ಹೇಳುತ್ತದೆ. ಒಂದು ರೈಡಿಗೆ 30 ಸೆಕೆಂಡು. ಏಳು ಅಂಕಗಳ ಹಿನ್ನಡೆಯನ್ನು ಒಂದೇ ರೈಡಿನಲ್ಲಿ ತೀರಿಸಲು ಹೊರಟವನು ಸಿಕ್ಕಿಬೀಳುತ್ತಾನೆ. ಈ 30 ಸೆಕೆಂಡಿನಲ್ಲಿ ಒಂದು ಅಂಕ, ಆಮೇಲೆ ಮುಂದಿನದು ಎಂದು ಆಡುವವನಿಗೆ ಹಲಗೆಯ ಮೇಲಿನ ಲೆಕ್ಕ ಭಾರವಾಗುವುದಿಲ್ಲ. ಎರಡು ಸಲ ಬರಿಗೈಯಲ್ಲಿ ಬಂದ ಮೇಲೆ ಮೂರನೆಯದು ‘ಮಾಡು ಇಲ್ಲವೇ ಮಡಿ’ ರೈಡ್. ಅಲ್ಲಿಗೆ ಹೋಗುವಾಗ ಹಿಂದಿನ ಎರಡು ರೈಡ್‌ಗಳನ್ನೂ ಬೆನ್ನ ಮೇಲೆ ಹೊತ್ತುಕೊಂಡು ಹೋಗುವವನು ಬೇರೆ, ಮಧ್ಯಗೆರೆಯಲ್ಲೇ ಇಳಿಸಿ ಹೋಗುವವನು ಬೇರೆ. ತಪ್ಪು ಮಾಡದಿರುವುದಲ್ಲ, ಮಾಡಿದ ತಪ್ಪಿನಿಂದ ಎಷ್ಟು ಬೇಗ ಈಚೆ ಬರುತ್ತೀರಿ ಎಂಬುದರಲ್ಲಿ ಮನೋದಾರ್ಢ್ಯವಿದೆ.

ಇಲ್ಲೊಂದು ಎಚ್ಚರಿಕೆ. ಗೆದ್ದವರಿಗೆಲ್ಲ ‘ಗಟ್ಟಿ ಮನಸ್ಸಿನವರು’ ಎಂಬ ಬಿರುದು, ಸೋತವರಿಗೆಲ್ಲ ‘ಪುಕ್ಕಲರು’ ಎಂಬ ಹಣೆಪಟ್ಟಿ ಹಚ್ಚುವುದು ನಮಗೆ ಬಹಳ ಸುಲಭ. ಪತ್ರಿಕೆಯವರೂ ಇದಕ್ಕೆ ಹೊರತಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್ ನೆನಪಿದೆಯೆ? ಮುಂಬೈ ಎದುರು ಗೆಲ್ಲಲು ಕರ್ನಾಟಕಕ್ಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಆದರೂ ತಂಡ 331ಕ್ಕೆ ಮುಗಿದು ಆರೇ ಆರು ರನ್ನಿನಿಂದ ಸೋತಿತು. ಬ್ಯಾಟಿನ ಅಂಚಿಗೆ ತಗುಲಿದ ಎರಡು ಚೆಂಡು ಬೌಂಡರಿಗೆ ಹೋಗಿದ್ದರೆ ಅದೇ ಹುಡುಗರು ಮರುದಿನ ವೀರರಾಗುತ್ತಿದ್ದರು. ಅಂದು ಸೋತವರಲ್ಲಿದ್ದ ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲೇ ಕರ್ನಾಟಕ 2014ರಲ್ಲಿ ಹೈದರಾಬಾದಿನಲ್ಲಿ, 2015ರಲ್ಲಿ ಮುಂಬೈಯಲ್ಲಿ ರಣಜಿ ಗೆದ್ದಿತು. ಚಳಕ, ದೇಹಬಲ, ಅದೃಷ್ಟ ಎಲ್ಲವೂ ಸೇರಿ ಫಲಿತಾಂಶವಾಗುತ್ತದೆ. ಮನಸ್ಸು ಅದರಲ್ಲಿ ಒಂದು ಪಾಲು. ಆದರೆ ಸಮಬಲರ ನಡುವೆ ಆ ಒಂದು ಪಾಲೇ ತಕ್ಕಡಿ ತೂಗಬಹುದು. ಅದನ್ನು ಬೆಳೆಸಿಕೊಳ್ಳಲೂ ಸಾಧ್ಯ.

ತಮಟೆಯ ನಡುವೆ ಅಭ್ಯಾಸ

ಸಿಯಾನ್ ಬೈಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2001ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗವೊಂದಿದೆ. ಗಾಲ್ಫ್ ಚೆಂಡನ್ನು ಕೋಲಿನಿಂದ ಗುರಿಗೆ ತಳ್ಳುವುದನ್ನು ಕಲಿಯುವಾಗ ಕೆಲವರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಉಳಿದವರು ತಮ್ಮ ಪಾಡಿಗೆ ಅಭ್ಯಾಸ ಮಾಡಿದರು. ಆಮೇಲೆ ಒತ್ತಡ ಹೇರಿದಾಗ, ಕ್ಯಾಮೆರಾಕ್ಕೆ ಒಗ್ಗಿದ್ದವರು ಎಡವಲಿಲ್ಲ. ನೋಡುವ ಕಣ್ಣುಗಳು ಅವರಿಗೆ ಹಳತಾಗಿದ್ದವು.

ನಮ್ಮ ಊರುಗಳಲ್ಲಿ ಇದಕ್ಕೆ ಕ್ಯಾಮೆರಾ ಬೇಕಿಲ್ಲ. ವಾರಕ್ಕೊಂದು ಸಂಜೆ ಮೈದಾನದಲ್ಲಿ ದೀಪ ಹಾಕಿ, ಬೀದಿಯ ಹುಡುಗರನ್ನೆಲ್ಲ ಕರೆದು ಕೂರಿಸಿ, ತಮಟೆ ಬಾರಿಸಿ, ಕೂಗಾಡಲು ಹೇಳಿ. “ಎರಡು ಅಂಕ ಹಿಂದಿದ್ದೀರಿ, ಒಂದು ನಿಮಿಷ ಉಳಿದಿದೆ” ಎಂದು ಅಲ್ಲಿಂದ ಆಟ ಶುರುಮಾಡಿಸಿ. ಸೋತವರು ಮೈದಾನ ಗುಡಿಸಲಿ. ಫೈನಲ್ ದಿನದ ಸದ್ದು ಮೊದಲ ಸಲ ಫೈನಲ್ ದಿನವೇ ಕಿವಿಗೆ ಬೀಳಬಾರದು. ಪರೀಕ್ಷೆಗೆ ಹೆದರುವ ಮಕ್ಕಳಿಗೂ ಇದೇ ಮದ್ದು: ಗಡಿಯಾರ ಮುಂದಿಟ್ಟು, ಪುಸ್ತಕ ಮುಚ್ಚಿ, ಮೂರು ಗಂಟೆ ಕೂತು ಹಳೆಯ ಪ್ರಶ್ನೆಪತ್ರಿಕೆ ಬರೆಯುವುದು.

ಎರಡನೆಯದು ಉಸಿರು. ಹೃದಯ ಬಡಿತವನ್ನು ನಾವು ಆಜ್ಞೆ ಮಾಡಿ ಇಳಿಸಲಾರೆವು; ಉಸಿರನ್ನು ಮಾತ್ರ ಬೇಕೆಂದಾಗ ನಿಧಾನ ಮಾಡಬಲ್ಲೆವು. ನಾಲ್ಕು ಎಣಿಸುವವರೆಗೆ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ. ಹೊರಬಿಡುವ ಉಸಿರು ಉದ್ದವಾದಾಗ ವೇಗಸ್ ಎಂಬ ನರದ ಮೂಲಕ ಹೃದಯಕ್ಕೆ ಕಡಿವಾಣ ಬೀಳುತ್ತದೆ. ಮೈಕೆಲ್ ಜೋರ್ಡನ್ ಆಡುತ್ತಿದ್ದ ಶಿಕಾಗೊ ತಂಡಕ್ಕೆ (ಅದೂ ಬುಲ್ಸ್ ತಂಡವೇ!) ತರಬೇತುದಾರ ಫಿಲ್ ಜಾಕ್ಸನ್ 1990ರ ದಶಕದಲ್ಲಿ ಜಾರ್ಜ್ ಮಮ್ಫರ್ಡ್ ಎಂಬ ಧ್ಯಾನಶಿಕ್ಷಕರನ್ನು ಕರೆಸಿ ಉಸಿರನ್ನು ಗಮನಿಸುವುದನ್ನು ಕಲಿಸಿದ್ದರು. ಉಸಿರು ಕಟ್ಟಿ ಆಡುವ ಕಬಡ್ಡಿ ನಮ್ಮದು. ಆದರೆ ಪಂದ್ಯಕ್ಕೆ ಮುಂಚೆ ಐದು ನಿಮಿಷ ಉಸಿರು ನೋಡುವ ಹುಡುಗರನ್ನು ನಾನಿನ್ನೂ ಕಾಣಬೇಕು. ಇದನ್ನು ಪಂದ್ಯದ ದಿನ ಮೊದಲ ಬಾರಿ ಮಾಡಿದರೆ ಫಲವಿಲ್ಲ. ದಿನವೂ ಮಲಗುವಾಗ ಹತ್ತು ಸಲ ರೂಢಿ ಮಾಡಿಕೊಳ್ಳಬೇಕು.

ಎದೆ ಬಡಿದುಕೊಳ್ಳುವಾಗ “ಹೆದರಬೇಡ, ಹೆದರಬೇಡ” ಎಂದುಕೊಂಡರೆ ಹೆದರಿಕೆ ಇನ್ನೂ ಹೆಚ್ಚುತ್ತದೆ. ಅದರ ಬದಲು “ನನ್ನ ಮೈ ಹುರುಪುಗೊಂಡಿದೆ” ಎಂದು ಹೇಳಿಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಹೀಗೆ ಹೇಳಿಕೊಂಡವರು ಹಾಡು, ಭಾಷಣ, ಲೆಕ್ಕದ ಪರೀಕ್ಷೆಗಳಲ್ಲಿ ಉತ್ತಮವಾಗಿ ಮಾಡಿದ್ದನ್ನು ಹಾರ್ವರ್ಡ್‌ನ ಅಧ್ಯಯನವೊಂದು 2014ರಲ್ಲಿ ತೋರಿಸಿದೆ.

ಗೆಳೆಯರು ಕೊಡುವ ‘ನಡುಕ ನಿಲ್ಲಿಸುವ ಮಾತ್ರೆ’ ಮಾತ್ರ ಮುಟ್ಟಬೇಡಿ. ಹೃದಯ ಬಡಿತ ತಗ್ಗಿಸುವ ಆ ಔಷಧಿಗಳಲ್ಲಿ ಕೆಲವು ಉಬ್ಬಸ ಇರುವವರ ಪ್ರಾಣಕ್ಕೇ ಕುತ್ತು ತರಬಹುದು.

ಮನೆಯವರ ಪಾತ್ರ

ಸೋತು ಬಂದ ರಾತ್ರಿ ಮನೆಯಲ್ಲಿ ಏನು ಮಾತಾಡುತ್ತೀರಿ? ನನ್ನ ಅನುಭವದಲ್ಲಿ ಮುಂದಿನ ಪಂದ್ಯ ಅರ್ಧ ನಿರ್ಧಾರವಾಗುವುದು ಅಲ್ಲಿ. “ಮಾನ ತೆಗೆದೆ” ಎಂದು ಕೇಳಿಸಿಕೊಂಡ ಹುಡುಗ ಮುಂದಿನ ಸಲ ಅಂಕಣಕ್ಕೆ ಇಳಿಯುವಾಗ ಎದುರಿನ ಏಳು ಜನರ ಜೊತೆಗೆ ಇಡೀ ಊರಿನ ಮಾನವನ್ನೂ ಎದುರಿಸಬೇಕಾಗುತ್ತದೆ. ಅಂದು ಅನ್ನ ಬಡಿಸಿ, ಮಲಗಲು ಬಿಡಿ. ತಪ್ಪು ಎಲ್ಲಿ ಆಯಿತು ಎಂಬ ವಿಚಾರ ಎರಡು ದಿನ ಕಳೆದ ಮೇಲೆ, ಅದೂ ಅವನೇ ಬಾಯಿ ತೆರೆದಾಗ, ಸಾಕು.

ಗಟ್ಟಿತನದ ಹೆಸರಿನಲ್ಲಿ ನೋವು ಮುಚ್ಚಿಡುವುದೂ ಅಪಾಯ. 2016ರಲ್ಲಿ ಎನ್‌ಬಿಎ ಚಾಂಪಿಯನ್ ಆದ ಕ್ಲೀವ್‌ಲ್ಯಾಂಡ್ ತಂಡದ ಕೆವಿನ್ ಲವ್‌ಗೆ 2017ರ ನವೆಂಬರ್‌ನಲ್ಲಿ ಪಂದ್ಯದ ನಡುವೆಯೇ ತೀವ್ರ ಗಾಬರಿಯ ಆಘಾತವಾಯಿತು. ಉಸಿರು ಕಟ್ಟಿದಂತಾಗಿ ಅಂಕಣ ಬಿಟ್ಟು ಹೋದರು. ಕೆಲವು ತಿಂಗಳ ನಂತರ ಅದನ್ನು ಅವರೇ ಬರೆದು ಪ್ರಕಟಿಸಿದರು. ಚಿಕಿತ್ಸೆ ಪಡೆದು ಆಟ ಮುಂದುವರಿಸಿದರು. ಆರು ಅಡಿ ಮೀರಿದ ಆಳು, ಚಾಂಪಿಯನ್ ಪಟ್ಟ ಕಂಡವರು, ಅವರಿಗೂ ಹೀಗಾಯಿತು.

ನಿಮ್ಮ ಮಗ ಅಥವಾ ಮಗಳಿಗೆ ಪಂದ್ಯವಿಲ್ಲದ ದಿನಗಳಲ್ಲೂ ಗಾಬರಿ, ವಾರಗಟ್ಟಲೆ ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆ, ಬದುಕು ಬೇಡವೆಂಬ ಮಾತು ಕಂಡುಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆಟದ ನಡುವೆ ಎದೆನೋವು ಬಂದರೆ, ಕಣ್ಣು ಕತ್ತಲೆಯಾಗಿ ಬಿದ್ದರೆ ಅದನ್ನು ಭಯವೆಂದು ತಳ್ಳಿಹಾಕಬೇಡಿ. ಮೊದಲು ಹೃದಯದ ತಪಾಸಣೆಯಾಗಲಿ.

ಆ ಹುಡುಗನ ವಿಷಯ ಹೇಳುತ್ತೇನೆ. ತಂದೆ ಒಂದು ಮಾತು ಕೊಟ್ಟರು: ಮೂರು ತಿಂಗಳು ಪಂದ್ಯದ ಬಗ್ಗೆ ತಾವಾಗಿ ತುಟಿ ಎರಡು ಮಾಡುವುದಿಲ್ಲ ಎಂದು. ಅವರಿಗೆ ಅದು ಮಗನ ಉಸಿರಾಟದ ಅಭ್ಯಾಸಕ್ಕಿಂತ ಕಷ್ಟವಾಯಿತಂತೆ. ಜಾತ್ರೆಯ ಪಂದ್ಯಾವಳಿಯಲ್ಲಿ ತಂಡ ಸೆಮಿಫೈನಲ್‌ನಲ್ಲೇ ಸೋತಿತು. ಹುಡುಗ ಎರಡು ಸಲ ಸಿಕ್ಕಿಬಿದ್ದ, ಮತ್ತೆ ಎದ್ದು ಹೋಗಿ ನಾಲ್ಕು ಅಂಕ ತಂದ. ಹೊಟ್ಟೆನೋವು ಬಂದಿತ್ತೇ ಎಂದು ಕೇಳಿದೆ. “ಬಂದಿತ್ತು ಸಾರ್, ಒಂದೇ ಸಲ” ಎಂದ.