ಹೆಪ್ಪು ಕರಗಿಸಿದ ಮೇಲಿನ 24 ಗಂಟೆ

ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವ ಹೊಡೆದಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೆಂದು ಹಾಸನ ಜಿಲ್ಲೆಯ ಹಿರೀಸಾವೆಯಿಂದ ಹೊರಟವರು ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣ, ಹಾಸನದ ಕಡೆ ತಿರುಗಬೇಕೋ ಬೆಳ್ಳೂರು ಕ್ರಾಸ್ ಕಡೆಗೋ ಎಂದು ಯೋಚಿಸುವಷ್ಟರಲ್ಲೇ ಹೊತ್ತು ಜಾರುತ್ತದೆ. ಹೇಗೋ ಇಂಜೆಕ್ಷನ್ ಬಿದ್ದರೆ ಗಂಡಾಂತರ ಕಳೆಯಿತೆಂದು ಮನೆಯವರಿಗೆ ಸಮಾಧಾನ. ಪೂರ್ತಿ ಕಳೆದಿರುವುದಿಲ್ಲ. ಈ ಚಿಕಿತ್ಸೆಗೆ ಬುನಾದಿ ಹಾಕಿದ 1995ರ ಅಮೆರಿಕದ ಅಧ್ಯಯನದಲ್ಲೇ, ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಎಂಬ ಔಷಧಿ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಹದಗೆಟ್ಟಿತು, ಪಡೆಯದವರಲ್ಲಿ 0.6. ಆದರೂ ಮೂರು ತಿಂಗಳ ನಂತರ ಊನವಿಲ್ಲದೆ ಚೇತರಿಸಿಕೊಂಡವರು ಔಷಧಿ ಪಡೆದವರಲ್ಲೇ ಹೆಚ್ಚು. ಆದ್ದರಿಂದ ಇಂಜೆಕ್ಷನ್ ಬೇಕೇ ಎಂಬುದಲ್ಲ, ಆಮೇಲೆ ಏನನ್ನು ಕಾಯಬೇಕು ಎಂಬುದೇ ಪ್ರಶ್ನೆ.

ಬಿ.ಪಿ.ಯನ್ನಂತೂ ಕಾಯುತ್ತಾರೆ: ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ, ಒಂದಿಡೀ ದಿನ 180/105 ಮೀರದಂತೆ. ರಕ್ತದ ಫೈಬ್ರಿನೋಜೆನ್ ಮೇಲೂ ಕಣ್ಣಿಡಬೇಕು ಎಂಬುದು ನನ್ನ ವಾದ. ಹೆಪ್ಪಿನ ಜಾಲ ಹುಟ್ಟುವುದು ಈ ಪ್ರೋಟೀನಿನಿಂದಲೇ. ಔಷಧಿಯಿಂದ ಚುರುಕಾಗುವ ಪ್ಲಾಸ್ಮಿನ್ ಎಂಬ ಕಿಣ್ವ ಆ ಜಾಲವನ್ನಷ್ಟೇ ಕತ್ತರಿಸಿ ಸುಮ್ಮನಾಗುವುದಿಲ್ಲ, ರಕ್ತದಲ್ಲಿ ಹರಿಯುವ ಫೈಬ್ರಿನೋಜೆನ್‌ಗೂ ಕೈಹಾಕುತ್ತದೆ. ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಬೇಕಾದದ್ದು ಕೆಲವರಲ್ಲಿ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಅಂಥವರಲ್ಲಿ ರಕ್ತಸ್ರಾವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಐದೇ ನಿಮಿಷಕ್ಕೆ ಔಷಧಿ ಅರ್ಧಕ್ಕಿಳಿಯುತ್ತದಲ್ಲ ಎನ್ನಬಹುದು. ಔಷಧಿ ಇಳಿಯುತ್ತದೆ, ನಿಜ. ಖರ್ಚಾದ ಫೈಬ್ರಿನೋಜೆನನ್ನು ಯಕೃತ್ತು ಮತ್ತೆ ತುಂಬಿಕೊಡಲು ಹೆಚ್ಚು ಕಾಲ ಬೇಕು.

ಸಣ್ಣ ಆಸ್ಪತ್ರೆಗೆ ಇನ್ನೊಂದು ಟೆಸ್ಟಿನ ಹೊರೆಯೇಕೆ, ಫೈಬ್ರಿನೋಜೆನ್ ಕಡಿಮೆಯಾದವರಿಗೆಲ್ಲ ರಕ್ತಸ್ರಾವ ಆಗುವುದೂ ಇಲ್ಲವಲ್ಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ವರದಿ ಬರಲೆಂದು ಇಂಜೆಕ್ಷನ್ ತಡೆಯುವುದಂತೂ ಶುದ್ಧ ತಪ್ಪು. ಮೊದಲೇ ತಿಳಿಯಲೇಬೇಕಾದದ್ದು ರಕ್ತದ ಸಕ್ಕರೆ, ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಐ.ಎನ್.ಆರ್. ಕೂಡ. ಆದರೆ ಅದೇ ಸೂಜಿಯಲ್ಲಿ ಇನ್ನೊಂದು ಟ್ಯೂಬು ರಕ್ತ ತೆಗೆದಿಟ್ಟರೆ ಯಾರ ಹೊತ್ತೂ ಹಾಳಾಗದು; ಇಂಜೆಕ್ಷನ್ ಆದ ಕೆಲವು ಗಂಟೆಗಳ ಮೇಲೆ ಮತ್ತೊಮ್ಮೆ ತೆಗೆದು ಹೋಲಿಸಿದರೆ ಕುಸಿತ ತಿಳಿಯುತ್ತದೆ. ರೋಗಿಗೆ ಇದ್ದಕ್ಕಿದ್ದಂತೆ ತಲೆನೋವು, ವಾಂತಿ, ಮಂಪರು ಬಂದು ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡರೆ ಫೈಬ್ರಿನೋಜೆನ್ ತುಂಬಿರುವ ರಕ್ತದ ಘಟಕವಾದ ಕ್ರಯೋಪ್ರೆಸಿಪಿಟೇಟ್ ಕೊಡುತ್ತಾರೆ. ಫೈಬ್ರಿನೋಜೆನ್ 150ಕ್ಕಿಂತ ಕೆಳಗಿದ್ದರೆ ಮತ್ತೂ ಕೊಡುತ್ತಾರೆ. ಕ್ರಯೋಪ್ರೆಸಿಪಿಟೇಟ್ ಸಿಗುವುದು ರಕ್ತದ ಘಟಕಗಳನ್ನು ಬೇರ್ಪಡಿಸುವ ಬ್ಲಡ್ ಬ್ಯಾಂಕುಗಳಲ್ಲಿ, ಘನೀಕರಿಸಿಟ್ಟ ಸ್ಥಿತಿಯಲ್ಲಿ. ಕುಸಿತ ಮೊದಲೇ ಗೊತ್ತಿದ್ದರೆ ಅದನ್ನು ಹೊಂದಿಸಿಡಲು ಅವಕಾಶವಿರುತ್ತದೆ. ಒಂದು ಕಡೆ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಇಂಜೆಕ್ಷನ್ ಬಿದ್ದ ಸಮಯ, ಡೋಸು, ರಕ್ತದ ವರದಿ ಆಂಬುಲೆನ್ಸಿನಲ್ಲೇ ಹೋಗಬೇಕು. ವರದಿ ಇನ್ನೂ ಕೈಸೇರಿರದಿದ್ದರೆ ಲ್ಯಾಬಿನ ಫೋನ್ ನಂಬರಾದರೂ ಚೀಟಿಯಲ್ಲಿರಲಿ.