ಚಳಿಗೆ ಭತ್ತದ ಸಸಿ ಹಳದಿಯಾಗುವುದೇಕೆ?

ಎರಡನೇ ಬೆಳೆಗೆ ಕಾಲುವೆ ನೀರು ದೊರೆಯುವ ವರ್ಷಗಳಲ್ಲಿ ರಾಯಚೂರು, ಮಾನ್ವಿ ಮತ್ತು ದೇವದುರ್ಗ ಭಾಗದ ರೈತರು ಬೇಸಿಗೆ ಭತ್ತಕ್ಕೆ ಚಳಿಗಾಲದಲ್ಲಿಯೇ ಸಸಿಮಡಿ ಹಾಕುತ್ತಾರೆ. ಡಿಸೆಂಬರ್-ಜನವರಿಯ ಕೆಲವು ರಾತ್ರಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಆಗ ಸಸಿ ಹಳದಿಯಾಗಿ, ಬೆಳವಣಿಗೆ ಕುಂಠಿತವಾಗುತ್ತದೆ. ಗೊಬ್ಬರ ಸಾಲದೆಂದು ತಿಳಿದು ಮೇಲಿಂದ ಮೇಲೆ ಯೂರಿಯಾ ಎರಚುವವರುಂಟು. ಇದರಿಂದ ಹಣ ಹೋಗುವುದೇ ಹೊರತು ಸಸಿ ಚೇತರಿಸುವುದಿಲ್ಲ.

ಎಲೆಯಲ್ಲಿ ನಡೆಯುವುದೇನು?

ಭತ್ತ, ಜೋಳ, ಗೋಧಿ ಎಲ್ಲವೂ ಹುಲ್ಲಿನ ಕುಟುಂಬದ ಬೆಳೆಗಳು. ಇವುಗಳ ಎಲೆ ಹಗಲಿನಲ್ಲಿ ಬಿಸಿಲಿನ ಸಹಾಯದಿಂದ ಸಕ್ಕರೆ ತಯಾರಿಸುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಷ್ಟವಾಗಿ ಎಲೆಯಲ್ಲಿಯೇ ಉಳಿಯುತ್ತದೆ. ರಾತ್ರಿ ಈ ಪಿಷ್ಟ ಕರಗಿ ಮತ್ತೆ ಸಕ್ಕರೆಯಾಗಿ ಬೇರಿಗೂ ಸುಳಿಗೂ ಸಾಗುತ್ತದೆ.

ಚಳಿಯಲ್ಲಿ ಬೇರು ಮತ್ತು ಸುಳಿಯ ಬೆಳವಣಿಗೆ ಮೊದಲು ನಿಲ್ಲುತ್ತದೆ. ಸಕ್ಕರೆ ಕೇಳುವವರಿಲ್ಲದೆ ಎಲೆಯಲ್ಲಿಯೇ ಶೇಖರವಾಗುತ್ತದೆ. ಪಿಷ್ಟ ಕರಗಿಸುವ ಕಿಣ್ವಗಳೂ ನಿಧಾನವಾಗುತ್ತವೆ. ತುಂಬಿದ ಕಣಜಕ್ಕೆ ಹೊಸ ಕಾಳು ಸುರಿಯಲಾಗದಂತೆ, ಮರುದಿನ ಎಲೆಯ ಕೆಲಸ ಕುಗ್ಗುತ್ತದೆ. ಬಳಕೆಯಾಗದ ಬಿಸಿಲು ಪತ್ರಹರಿತ್ತನ್ನು ಕೆಡಿಸುತ್ತದೆ; ಹೊಸ ಪತ್ರಹರಿತ್ತೂ ಸರಿಯಾಗಿ ಹುಟ್ಟುವುದಿಲ್ಲ. ಎಲೆ ಹಳದಿಯಾಗುವುದು ಹೀಗೆ. ಪಂಗೋಲ ಎಂಬ ಉಷ್ಣವಲಯದ ಮೇವಿನ ಹುಲ್ಲಿನಲ್ಲಿಯೂ 10 ಡಿಗ್ರಿಯ ರಾತ್ರಿಯ ನಂತರ ಪಿಷ್ಟ ಎಲೆಯಲ್ಲಿಯೇ ಉಳಿದು ಬೆಳವಣಿಗೆ ಕುಂದಿದ್ದು 1970ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದುಬಂದಿತು. ಗೋಧಿಯಾದರೋ ಹೆಚ್ಚಿನ ಸಕ್ಕರೆಯನ್ನು ಫ್ರಕ್ಟಾನ್ ಎಂಬ ಬೇರೆ ರೂಪದಲ್ಲಿ ಕೂಡಿಟ್ಟುಕೊಂಡು ಚಳಿ ತಡೆಯುತ್ತದೆ. ಭತ್ತಕ್ಕೆ ಆ ಶಕ್ತಿ ಇಲ್ಲ.

ಮಾಡಬೇಕಾದುದು

ಎಳೆಯ ಸಸಿಯ ಸುಳಿ ಬುಡದಲ್ಲಿ, ನೀರಿನ ಮಟ್ಟದಲ್ಲಿಯೇ ಇರುತ್ತದೆ. ಆದ್ದರಿಂದ ಬುಡವನ್ನು ಬೆಚ್ಚಗಿಡುವುದೇ ಮುಖ್ಯ.

1. ರಾತ್ರಿ ತಣ್ಣಗಾದ ನೀರನ್ನು ಬೆಳಿಗ್ಗೆ ಬಸಿದು ಹೊಸ ನೀರು ಕೊಡಬೇಕು. ಬಾವಿ ಅಥವಾ ಕೊಳವೆ ಬಾವಿಯ ನೀರಿದ್ದರೆ ಒಳ್ಳೆಯದು. ಚಳಿಗಾಲದ ಬೆಳಿಗ್ಗೆ ಅದು ಕಾಲುವೆ ನೀರಿಗಿಂತ ಬೆಚ್ಚಗಿರುತ್ತದೆ.

2. ಸಂಜೆ ಮಡಿಗಳ ಮೇಲೆ ಗೂಟ ನೆಟ್ಟು ಪಾಲಿಥೀನ್ ಹಾಳೆ ಅಥವಾ ಹೊಲಿದ ಗೊಬ್ಬರದ ಚೀಲ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಬೇಕು. ಹೊದಿಕೆ ಸಸಿಗೆ ತಾಗಬಾರದು.

3. ಚಳಿ ಕಡಿಮೆಯಾಗುವವರೆಗೆ ಹೆಚ್ಚಿನ ಯೂರಿಯಾ ಬೇಡ. ಅದರಿಂದ ಸಸಿ ಮೆತ್ತಗಾಗಿ, ಇಬ್ಬನಿಯ ದಿನಗಳಲ್ಲಿ ಬೆಂಕಿ ರೋಗಕ್ಕೆ ತುತ್ತಾಗುತ್ತದೆ.

4. ಚಳಿಯಲ್ಲಿ ಬೇರು ಸತುವನ್ನೂ ಸರಿಯಾಗಿ ಹೀರದು. ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ಲೀಟರ್ ನೀರಿಗೆ 2 ಗ್ರಾಂ ಸತುವಿನ ಸಲ್ಫೇಟ್ ಬೆರೆಸಿ ಸಿಂಪಡಿಸಬೇಕು.

ಸಸಿ ತಡವಾದರೆ ನಾಟಿ ತಡ, ಕೊಯ್ಲೂ ತಡ. ಮಾನ್ವಿ ಭಾಗದ ತುಂಗಭದ್ರಾ ಎಡದಂಡೆ ಕಾಲುವೆಯಾಗಲಿ, ದೇವದುರ್ಗದ ನಾರಾಯಣಪುರ ಬಲದಂಡೆ ಕಾಲುವೆಯಾಗಲಿ, ಬೆಳೆ ತಡವಾಯಿತೆಂದು ಕಾಯುವುದಿಲ್ಲ. ಕಾಳು ಕಟ್ಟುವ ಹೊತ್ತಿಗೆ ನೀರು ನಿಂತರೆ ಮೊದಲು ಪೆಟ್ಟು ಬೀಳುವುದು ಕಾಲುವೆಯ ಕೊನೆ ಭಾಗದ ರೈತನಿಗೆ. ಸಸಿಮಡಿಯಲ್ಲಿ ಉಳಿಸಿದ ಒಂದು ವಾರ ಅವನ ಪಾಲಿಗೆ ಒಂದು ತಡಿ ನೀರಿಗೆ ಸಮ.