ಹೆಸರಿಲ್ಲದ ಸರೋವರಗಳು

ಕೆರೆಗೆ ಹೆಸರಿಡುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆ. ಕಟ್ಟಿಸಿದವರ ಹೆಸರೋ, ಏರಿಯ ಮೇಲಣ ದೇವತೆಯ ಹೆಸರೋ ನೀರಿನೊಡನೆ ತಲೆಮಾರುಗಳವರೆಗೆ ಉಳಿಯುತ್ತದೆ. ಕೆನಡಾ ದೇಶದ ಒಂಟೇರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ, ಕಾಡು ಬಂಡೆಗಳ ನಡುವೆ, ಸಂಶೋಧನೆಗೆಂದೇ ಮೀಸಲಿಟ್ಟ ಐವತ್ತೆಂಟು ಪುಟ್ಟ ಸರೋವರಗಳಿವೆ. ಅವನ್ನು ಗುರುತಿಸುವುದು ಅಂಕೆಗಳಿಂದ: ೨೨೩, ೨೨೬, ೨೨೭. ಆದರೂ ಸಿಹಿನೀರಿನ ಶಾಸ್ತ್ರವನ್ನು ಅಭ್ಯಸಿಸುವವರಿಗೆ ಈ ಅಂಕೆಗಳು ಪ್ರಸಿದ್ಧವಾದ ಹೆಸರುಗಳಿಗಿಂತ ಹೆಚ್ಚು ಪರಿಚಿತವಾಗಿವೆ.

ಅದಕ್ಕೆ ಕಾರಣವುಂಟು. ೧೯೬೦ರ ದಶಕದಲ್ಲಿ ಉತ್ತರ ಅಮೆರಿಕದ ಈರಿ ಸರೋವರ ಪಾಚಿಯಿಂದ ತುಂಬಿ, 'ಸತ್ತ ಸರೋವರ'ವೆಂಬ ಅಪಕೀರ್ತಿಗೆ ಗುರಿಯಾಯಿತು. ಪಾಚಿಯನ್ನು ಬೆಳೆಸಿದವರು ಯಾರು? ಚರಂಡಿಯ ನೀರಿನಲ್ಲಿಯೂ ಬಟ್ಟೆ ಒಗೆಯುವ ಪುಡಿಯಲ್ಲಿಯೂ ಇರುವ ರಂಜಕವೇ ಅಪರಾಧಿಯೆಂದು ಕೆಲವರು ಹೇಳಿದರು. ಅಲ್ಲ, ಇಂಗಾಲವೆಂದು ಪುಡಿಯ ತಯಾರಕರ ಪಕ್ಷ ವಾದಿಸಿತು. ಪ್ರಯೋಗಶಾಲೆಯ ಸೀಸೆಗಳು ಎರಡು ಪಕ್ಷಕ್ಕೂ ಸಾಕ್ಷಿ ನುಡಿದವು. ಹಾಗಾದರೆ ಸರೋವರವನ್ನೇ ಏಕೆ ಕೇಳಬಾರದು? ಈ ಸರಳವಾದ, ಆದರೆ ಸಾಹಸದ ಆಲೋಚನೆಯಿಂದ ೧೯೬೮ರಲ್ಲಿ ಈ ಪ್ರಯೋಗಕ್ಷೇತ್ರ ಹುಟ್ಟಿತು. ಅದರ ಮುಂದಾಳು ಡೇವಿಡ್ ಷಿಂಡ್ಲರ್ ಆಗ ಮೂವತ್ತು ತುಂಬದ ತರುಣ.

೧೯೬೯ರಲ್ಲಿ ೨೨೭ನೆಯ ಸರೋವರಕ್ಕೆ ರಂಜಕವನ್ನೂ ಸಾರಜನಕವನ್ನೂ ಬೆರೆಸಿದರು. ಅಲ್ಲಿಯ ನೀರಿನಲ್ಲಿ ಇಂಗಾಲ ಬಲು ಕಡಮೆ. ಆದರೂ ಪಾಚಿ ಬೆಳೆಯಿತು, ಬೇಕಾದ ಇಂಗಾಲವನ್ನು ಗಾಳಿಯಿಂದ ಪಡೆದುಕೊಂಡಿತು. ೧೯೭೩ರಲ್ಲಿ, ಸೊಂಟ ಸಣ್ಣಗಾದ ೨೨೬ನೆಯ ಸರೋವರದ ನಡುವೆ ಪರದೆಯೊಂದನ್ನು ಇಳಿಬಿಟ್ಟು ಎರಡು ಪಾಲು ಮಾಡಿದರು. ಇಂಗಾಲ, ಸಾರಜನಕಗಳು ಎರಡೂ ಪಾಲಿಗೆ. ರಂಜಕ ಒಂದು ಪಾಲಿಗೆ ಮಾತ್ರ. ಕೆಲವು ವಾರಗಳಲ್ಲಿ ರಂಜಕವುಂಡ ಪಾಲು ಹಸುರು ಬಣ್ಣ ಬಳಿದಂತಾಯಿತು. ಮತ್ತೊಂದು ಪಾಲು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಅದರ ಛಾಯಾಚಿತ್ರ ನೂರು ವಾದಗಳು ಮಾಡಲಾಗದುದನ್ನು ಮಾಡಿತು. ಮಾರ್ಜಕಗಳಲ್ಲಿ ರಂಜಕವನ್ನು ಮಿತಗೊಳಿಸಬೇಕೆನ್ನುವವರ ಕೈ ಬಲವಾಯಿತು.

ಮೀನಿನ ಕಥೆ ಇನ್ನೂ ಮಾರ್ಮಿಕವಾದುದು. ಆಮ್ಲದ ಮಳೆಯಿಂದ ಮೀನಿಗೆ ಏನಾಗುವುದೆಂದು ಅರಿಯಲು ೧೯೭೬ರಿಂದ ವರ್ಷ ವರ್ಷವೂ ೨೨೩ನೆಯ ಸರೋವರಕ್ಕೆ ಸ್ವಲ್ಪ ಸ್ವಲ್ಪವಾಗಿ ಗಂಧಕಾಮ್ಲವನ್ನು ಸೇರಿಸುತ್ತ ಹೋದರು. ಅಲ್ಲಿಯ ದೊಡ್ಡ ಮೀನಾದ ಟ್ರೌಟ್ ಆಮ್ಲವನ್ನು ತಾಳಿಕೊಂಡಿತು. ಆದರೆ ಅದಕ್ಕೂ ಬಹಳ ಮೊದಲೇ ಸೀಗಡಿಯ ಜಾತಿಯ ಸಣ್ಣ ಜೀವಿ ಅಳಿಯಿತು. ಕಿರುಮೀನು ಸಂತಾನವಿಲ್ಲದೆ ಕ್ಷೀಣಿಸಿತು. ಉಣ್ಣಲು ಏನೂ ಉಳಿಯದೆ ದೊಡ್ಡ ಮೀನು ಒಣಗಿ, ತಲೆಯೊಂದೇ ದೊಡ್ಡದಾಗಿ ಕಾಣುವಂತೆ ಸೊರಗಿತು. ಅದರ ಮೊಟ್ಟೆಗಳಿಂದ ಮರಿಗಳು ಬರುವುದೂ ನಿಂತಿತು. ಬಡವಾದುದು ವಿಷದಿಂದಲ್ಲ, ಹಸಿವಿನಿಂದ. ಸೀಸೆಯಲ್ಲಿ ಸಾಕಿದ ಮೀನಿಗೆ ಆಹಾರ ಹುಡುಕುವ ಕಷ್ಟವಿಲ್ಲವಾದುದರಿಂದ ಈ ಸತ್ಯವನ್ನು ಸೀಸೆ ಎಂದಿಗೂ ಹೇಳಲಾರದು.

ಅರಿವಿಗಾಗಿ ನಿರ್ಮಲವಾದ ನೀರನ್ನು ಕೆಡಿಸುವುದು ನ್ಯಾಯವೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಣ್ಣದಲ್ಲ. ಆದರೆ ೧೯೮೪ರಿಂದ ಆಮ್ಲವನ್ನು ಕಡಮೆ ಮಾಡಿದಾಗ ಕೆಲವು ಮೀನುಗಳು ಮತ್ತೆ ಮರಿ ಮಾಡಿದವು. ಕೆಟ್ಟ ನೀರು ಹೇಗೆ ಚೇತರಿಸಿಕೊಳ್ಳುತ್ತದೆಂಬುದನ್ನೂ ಅದೇ ಸರೋವರ ಕಲಿಸಿತು. ೨೦೧೨ರಲ್ಲಿ ಕೆನಡಾ ಸರ್ಕಾರ ಈ ಕ್ಷೇತ್ರಕ್ಕೆ ಹಣ ನಿಲ್ಲಿಸುವುದಾಗಿ ಸಾರಿದಾಗ ವಿಜ್ಞಾನಿಗಳೂ ಜನರೂ ಪ್ರತಿಭಟಿಸಿದರು. ೨೦೧೪ರಲ್ಲಿ ಬೇರೊಂದು ಸಂಸ್ಥೆ ಅದರ ಹೊಣೆ ಹೊತ್ತಿತು. ಷಿಂಡ್ಲರ್ ೨೦೨೧ರಲ್ಲಿ ತೀರಿಕೊಂಡರು.

ದೂರದ ಈ ಅಂಕೆಗಳು ನಮಗೇಕೆ ಎನ್ನುವಂತಿಲ್ಲ. ೨೦೧೬ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಚರಂಡಿಯ ನೀರು ಕೆರೆಗೆ ಸೇರಿದಾಗ, ಅದರ ಕೊಳೆಯೂ ಅದರಿಂದ ಬೆಳೆದು ಸತ್ತ ಪಾಚಿಯೂ ಕೊಳೆಯುತ್ತ ನೀರಿನ ಆಮ್ಲಜನಕವನ್ನು ನುಂಗುತ್ತವೆ; ಮೀನು ನೀರಿನಲ್ಲಿದ್ದೂ ಉಸಿರುಗಟ್ಟುತ್ತದೆ. ನಾವೂ ನಮ್ಮ ಕೆರೆಗಳ ಮೇಲೆ ಪ್ರಯೋಗ ನಡೆಸುತ್ತಲೇ ಇದ್ದೇವೆ. ಅಲ್ಲಿ ಒಂದು ಪಾಲನ್ನಾದರೂ ತಿಳಿಯಾಗಿ ಉಳಿಸಿಕೊಂಡು, ಕಂಡುದನ್ನು ದಿನದಿನವೂ ಬರೆದಿಟ್ಟರು. ನಾವು ಪರದೆಯನ್ನೂ ಇಳಿಬಿಟ್ಟಿಲ್ಲ, ದಿನಚರಿಯನ್ನೂ ಬರೆದಿಲ್ಲ. ಹೆಸರುಳ್ಳ ಕೆರೆಗಳ ಮಕ್ಕಳಾದ ನಾವು ಹೆಸರಿಲ್ಲದ ಆ ಸರೋವರಗಳಿಂದ ಕಲಿಯಬೇಕಾದ ಮೊದಲ ಪಾಠ ಬಹುಶಃ ಇದೇ: ಮೀನು ತೇಲುವ ಮುನ್ನ, ಮೀನಿನ ಕೂಳನ್ನು ವಿಚಾರಿಸಬೇಕು.